ಮೇಲಕ್ಕೊಂದು ಬಾಣ, ಕೆಳಕ್ಕೊಂದು ಬಾಣ

ನಮ್ಮ ಮನೆಯಲ್ಲಿ ಈಗ ನನ್ನ ಮಾತಿಗೆ ಭಾರಿ ಬೆಲೆ. ನನ್ನನ್ನು ಕೇಳದೆ ಯಾರೂ ಏನನ್ನೂ ತೀರ್ಮಾನಿಸುವುದಿಲ್ಲ. ಬೇರೆ ಯಾವ ಸೊಸೆಯಾದರೂ ಇಷ್ಟಕ್ಕೆ ತೆಂಗಿನಕಾಯಿ ಒಡೆಸುತ್ತಿದ್ದಳು. ನನ್ನ ತಕರಾರು ಇರುವುದು ಆ ಬೆಲೆ ಬಂದ ದಾರಿಯ ಬಗ್ಗೆ. ಅದನ್ನು ಹೇಳಬೇಕಾದರೆ ಗರ್ಭದ ಮೂವತ್ನಾಲ್ಕನೇ ವಾರದಿಂದ ಶುರು ಮಾಡಬೇಕು. (ನಾನು ತಿಂಗಳುಗಳಲ್ಲಿ ಲೆಕ್ಕ ಹಾಕುವವಳಲ್ಲ. ತಿಂಗಳುಗಳ ಉದ್ದ ಒಂದೇ ಸಮ ಇರುವುದಿಲ್ಲ.)

ನಾನು ಶೈಲಶ್ರೀ, ಬಿ.ಎಸ್ಸಿ. ಬಾಗಲವಾಡದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ನನ್ನ ಗಂಡ ಹಾಲೇಶ ಮಾನ್ವಿಯಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿ ಅಂಗಡಿ ಇಟ್ಟಿದ್ದಾರೆ. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕೆಂದು ಸೀಮಂತದ ಕುಬಸ ಮುಗಿದ ಮೇಲೆ ನನ್ನನ್ನು ದೇವದುರ್ಗಕ್ಕೆ ಕಳಿಸಿದ್ದರು. ಅಲ್ಲಿಂದ ರಾಯಚೂರಿಗೆ ತೋರಿಸಲು ಹೋದಾಗ ಡಾಕ್ಟರ್ ಉಮ್ಮೇ ಕುಲ್ಸುಮ್ ಸ್ಕ್ಯಾನ್ ಪರದೆ ನೋಡಿ, "ಮಗು ಅಡ್ಡ ಮಲಗ್ಯದ" ಎಂದರು.

"ಅಡ್ಡ ಅಂದ್ರ?"

"ಅಡ್ಡ ಅಂದ್ರ ಅಡ್ಡ. ನೀರು ಸ್ವಲ್ಪ ಜಾಸ್ತಿ ಅದ, ಆಡಾಕ ಜಾಗ ಸಿಕ್ಕದ, ಆಡಾಕತ್ತದ. ತಿರುಗಬಹುದು, ತಿರುಗದೇನೂ ಇರಬಹುದು. ವಾರಕ್ಕೊಮ್ಮಿ ಬರ್ರಿ."

ಸುದ್ದಿ ನನಗಿಂತ ಮೊದಲೇ ದೇವದುರ್ಗ ಮುಟ್ಟಿತ್ತು. ಓಣಿಯ ಒಬ್ಬೊಬ್ಬ ಹೆಂಗಸಿನ ಬಳಿಯೂ ಒಂದೊಂದು ಉಪಾಯ. ಒಬ್ಬಾಕೆ ಮೊಣಕಾಲೂರಿ ನೆಲ ಒರೆಸು ಎಂದಳು, ಒಬ್ಬಾಕೆ ಮೆಟ್ಟಿಲನ್ನು ಹಿಂದುಮುಂದಾಗಿ ಇಳಿ ಎಂದಳು. ಮೆಟ್ಟಿಲನ್ನು ನಾನು ಒಪ್ಪಲಿಲ್ಲ. ನೆಲವನ್ನು ಅವ್ವ ಬಿಡಲಿಲ್ಲ. ಐದು ದಿನ ಒರೆಸಿದೆ. ಮಗು ಇದ್ದಲ್ಲೇ ಇತ್ತು, ಮನೆ ಮಾತ್ರ ಕನ್ನಡಿಯಾಯಿತು. ಆರನೇ ದಿನ ಪಕ್ಕದ ಮನೆಯವರು, "ನಮ್ಮ ಪಡಸಾಲಿನೂ ಒರಸಿದ್ರ ಇನ್ನಷ್ಟು ಛಲೋ ಆಗ್ತದ" ಎಂದಾಗ ಗಂಡನಿಗೆ ಫೋನ್ ಮಾಡಿ, ಓಮ್ನಿ ತರಿಸಿಕೊಂಡು ಮಾನ್ವಿಗೆ ಬಂದುಬಿಟ್ಟೆ.

ಮಾನ್ವಿಯಲ್ಲಿ ನನ್ನ ಪದ್ಧತಿ ಆರಂಭವಾಯಿತು. ದಿನಾ ಬೆಳಿಗ್ಗೆ ಆರೂವರೆಗೆ, ಖಾಲಿ ಹೊಟ್ಟೆಯಲ್ಲಿ (ಖಾಲಿ ಎಂದರೆ ಚಹಾ ಇಲ್ಲದೆ ಎಂದರ್ಥ, ಹೊಟ್ಟೆಯೇನೂ ಖಾಲಿ ಇರಲಿಲ್ಲ), ಬೆನ್ನಿಗೆ ದಿಂಬು ಕೊಟ್ಟು ಕೂತು ಎರಡೂ ಕೈಯಿಂದ ಹೊಟ್ಟೆ ಮುಟ್ಟಿ ನೋಡುವುದು. ಎರಡು ಗಡ್ಡೆ ಸಿಗುತ್ತಿದ್ದವು, ಒಂದು ದೊಡ್ಡದು, ಒಂದು ಸಣ್ಣದು. ಹುಟ್ಟುವ ಕೂಸಿನ ದೇಹದಲ್ಲಿ ಎಲ್ಲಕ್ಕಿಂತ ದೊಡ್ಡ ಭಾಗ ತಲೆ ಎಂದು ಪುಸ್ತಕದಲ್ಲಿದೆ. ಆದ್ದರಿಂದ ದೊಡ್ಡ ಗಡ್ಡೆಯೇ ತಲೆ. ತಲೆ ಎತ್ತ ಇದೆಯೋ ಅತ್ತ ಮೂತಿ ಮಾಡಿದ ಒಂದು ಬಾಣವನ್ನು ಪಡಸಾಲೆಯ ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನಲ್ಲಿ, ಆ ದಿನದ ಚೌಕದೊಳಗೆ, ಕೆಂಪು ಪೆನ್ನಿನಿಂದ ಬರೆಯುತ್ತಿದ್ದೆ. ಹಾಲೇಶ ಕ್ಯಾಲೆಂಡರ್ ನೋಡಿ, "ನಮ್ಮ ಅಂಗಡ್ಯಾಗೂ ಹಿಂಗ ಬಾಣ ಹಾಕ್ತೀವಿ, ಮೋಟಾರು ಯಾ ಕಡಿ ತಿರಗ್ತದಂತ. ಉಲ್ಟಾ ತಿರಗಿದ್ರ ಎರಡು ವೈರ್ ಅದಲುಬದಲು ಮಾಡಿದ್ರ ಆತು" ಎಂದರು.

"ಇದು ಮೋಟಾರಲ್ರಿ."

"ಗೊತ್ತದ. ಮೋಟಾರಾಗಿದ್ರ ಇಷ್ಟೊತ್ತಿಗೆ ಡೆಲಿವರಿ ಕೊಟ್ಟಿರ್ತಿದ್ದೆ."

ಇನ್ನು ಮಾವನವರ ವಿಷಯ. ಕನಕರಾಯ ಎಂದು ಹೆಸರು. ಮಲ್ಲಟದಲ್ಲಿ ನಲವತ್ತು ವರ್ಷ ಕುರಿ ಕಾಯ್ದು, ಮೊಣಕಾಲು ನೋವು ಬಂದ ಮೇಲೆ ನಮ್ಮ ಜೊತೆ ಇರಲು ಬಂದವರು. ಸೊಸೆಯ ಕಡೆ, ಅದೂ ತುಂಬುಬಸುರಿ ಸೊಸೆಯ ಕಡೆ, ಕಣ್ಣೆತ್ತಿ ನೋಡುವವರಲ್ಲ. ನಾನು ಪಡಸಾಲೆಗೆ ಬಂದರೆ ಸಾಕು, ಗೋಡೆಯತ್ತ ತಿರುಗಿ ಕೂತುಬಿಡುವರು. ಏನಾದರೂ ಹೇಳುವುದಿದ್ದರೆ ಗೋಡೆಗೆ ಹೇಳುವರು, ಅದನ್ನು ಅತ್ತೆ ಅಯ್ಯಮ್ಮ ನನಗೆ ಮುಟ್ಟಿಸುವರು. ನಾನು ಎರಡು ಮೊಳ ದೂರದಲ್ಲೇ ಇರುತ್ತಿದ್ದೆ.

ಮೂವತ್ತೈದನೇ ವಾರ, ರಾಯಚೂರಿಗೆ ಹೊರಡುವ ಬೆಳಿಗ್ಗೆ, ದೊಡ್ಡ ಗಡ್ಡೆ ಪಕ್ಕೆಲುಬಿನ ಕೆಳಗೇ ಸಿಕ್ಕಿತು. ಮೇಲಕ್ಕೆ ಬಾಣ ಹಾಕಿದೆ. ಹಾಕುವಾಗ ಕಣ್ಣಲ್ಲಿ ನೀರು ಬಂತು. ಮಾವ ಗೋಡೆಯನ್ನೇ ನೋಡುತ್ತ, "ಅಳಬ್ಯಾಡಂತ ಹೇಳಕಿಗಿ. ತಲಿ ಕೆಳಗ ಅದ" ಎಂದರು.

"ಅಳಬ್ಯಾಡಂತವ್ವಾ. ತಲಿ ಕೆಳಗ ಅದಂತ" ಎಂದರು ಅತ್ತೆ.

ಡಾಕ್ಟರು ಸ್ಕ್ಯಾನ್ ಮಾಡಿದರು. ತಲೆ ಕೆಳಗಿತ್ತು.

ಮುಂದಿನ ವಾರ ದೊಡ್ಡ ಗಡ್ಡೆ ಕೆಳಗಿತ್ತು. ಕೆಳಕ್ಕೆ ಬಾಣ ಹಾಕಿ ಎಲ್ಲರಿಗೂ ಮೈಸೂರುಪಾಕು ಹಂಚಿದೆ. ಮಾವ ಮೈಸೂರುಪಾಕು ತಿಂದು, ಗೋಡೆ ನೋಡಿ, "ತಲಿ ಮ್ಯಾಲ ಅದ" ಎಂದರು. ಸ್ಕ್ಯಾನಿನಲ್ಲಿ ಮೇಲಿತ್ತು. ಮೂವತ್ತೇಳನೇ ವಾರ ನಾನು ಎಡಕ್ಕೆ ಬಾಣ ಹಾಕಿದೆ. "ತಲಿ ಬಲಕ್ಕದ" ಎಂದಿತು ಗೋಡೆ. ಬಲಕ್ಕಿತ್ತು.

ಅತ್ತೆಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. "ನಲವತ್ತು ವರ್ಷ ಕುರಿ ಈಯಿಸಿದ ಕಣ್ಣು! ಯಂತ್ರ ಯಾಕ ಬೇಕ ಇವರಿಗಿ?" ಎಂದು ಓಣಿ ತುಂಬ ಸಾರಿದರು. ಮೂರನೇ ಮನೆಯ ಗದ್ದೆಮ್ಮ ತನ್ನ ಎಮ್ಮೆ ಯಾವಾಗ ಈಯುತ್ತದೆ ಎಂದು ಕೇಳಲು ಬಂದಳು. "ಎಮ್ಮಿ ನನಗ ತಿಳಿಯಂಗಿಲ್ಲವ್ವಾ" ಎಂದು ಮಾವ ಸಂಕೋಚದಿಂದ ಹೇಳಿ ಕಳಿಸಿದರು. (ನಿಜವಾದ ತಜ್ಞರ ವಿನಯ ಎಂದುಕೊಂಡೆ ನಾನು.)

ಆದರೆ ನನ್ನ ಬಾಣ ತಪ್ಪೆಂದು ನಾನು ಒಪ್ಪಲಿಲ್ಲ. ಮೂರು ಸಲ ಮನೆಯಲ್ಲಿ ಒಂದು ಕಡೆ ಇದ್ದ ತಲೆ, ಮೂರು ಸಲವೂ ಆಸ್ಪತ್ರೆ ಸೇರುವಷ್ಟರಲ್ಲಿ ಸರಿಯಾಗಿ ಎದುರು ಬದಿಗೆ ಹೋಗಿದೆ. ನಡುವೆ ಇರುವುದೇನು? ರಸ್ತೆ. ಮಾನ್ವಿಯ ನಮ್ಮ ಬಾಗಿಲಿನಿಂದ ರಾಯಚೂರಿನ ಆಸ್ಪತ್ರೆ ಗೇಟಿನವರೆಗೆ ಮೂವತ್ತೊಂದು ರೋಡ್ ಹಂಪು. ಎರಡು ಸಲ ಎಣಿಸಿದ್ದೇನೆ. ಗುದ್ದಿದ ಏಟಿಗೆ ಮಗು ಪಲ್ಟಿ ಹೊಡೆಯುತ್ತಿದೆ! ಆ ರಾತ್ರಿ ಗಡ್ಡೆ, ಬಾಣ, ಹಂಪು ಎಲ್ಲವನ್ನೂ ಚಿತ್ರ ಸಮೇತ ನೋಟ್‌ಬುಕ್ಕಿನಲ್ಲಿ ಬರೆದೆ.

ಮೂವತ್ತೇಳನೇ ವಾರ ಡಾಕ್ಟರು ಗಂಭೀರವಾಗಿ ಹೇಳಿದ್ದರು: "ಮುಂದಿನ ಸೋಮವಾರ ಬ್ಯಾಗ್ ಸಮೇತ ಬರ್ರಿ. ತಲಿ ಕೆಳಗ ನಿಂತಿಲ್ಲಂದ್ರ ಹೆರಿಗಿ ಆಗೋತನ ಇಲ್ಲೇ ಇರಬೇಕು. ಮನ್ಯಾಗ ನೀರು ಒಡದು, ಮಗು ಅಡ್ಡ ಇದ್ರ, ಹೊಕ್ಕಳಬಳ್ಳಿ ಮೊದಲು ಜಾರಿ ಬರಬಹುದು. ಆಗ ಮಾನ್ವಿ ಭಾಳ ದೂರ ಆಗ್ತದ."

ಸೋಮವಾರ ಬಂತು. ಐದು ದಿನದಿಂದ ಕ್ಯಾಲೆಂಡರಿನಲ್ಲಿ ಬಾಣ ಕೆಳಕ್ಕೇ ಇತ್ತು, ಒಂದು ಕೂದಲಷ್ಟೂ ಅಲುಗಿರಲಿಲ್ಲ. ಓಮ್ನಿ ಬಾಗಿಲಲ್ಲಿ ನಿಂತಿತು. ನಾನು ಕುರ್ಚಿ ಬಿಟ್ಟು ಏಳಲಿಲ್ಲ.

"ನಾ ಬರಂಗಿಲ್ರಿ."

"ಯಾಕ?" ಎಂದರು ಹಾಲೇಶ.

"ತಲಿ ಕೆಳಗ ಅದ. ಮೂವತ್ತೊಂದು ಹಂಪು ಹಾರಿಸಿ ಅದನ್ನ ಮ್ಯಾಲ ಮಾಡ್ಕೊಂಡು, ಆಮ್ಯಾಲ ಆಪರೇಷನ್ ಮಾಡಿಸ್ಕೋಬೇಕೇನು? ನೋವು ಬಂದ ಮ್ಯಾಲ ಹೋದ್ರಾತು."

"ಡಾಕ್ಟ್ರು ಏನಂದಾರ?"

"ತಲಿ ನಿಂತಿಲ್ಲಂದ್ರ ಬರ್ರಿ ಅಂದಾರ. ನಿಂತದಲ್ಲ!"

ಗೋಡೆಯಿಂದ ಧ್ವನಿ ಬಂತು: "ತಲಿ ಮ್ಯಾಲ ಅದ. ಕರ್ಕೊಂಡು ಹೋಗಂತ ಹೇಳು."

"ಮಾವಾರಿಗಿ ಹೇಳ್ರಿ ಅತ್ತಿ, ಐದು ದಿನದ ದಾಖಲಿ ಅದ ನನ್ನ ಹತ್ರ!"

"ದಾಖಲಿ ಅದಂತ" ಎಂದರು ಅತ್ತೆ.

"ನನಗೂ ಕಾಣ್ತದ. ಮ್ಯಾಲ ಅದ."

"ನೋಡದನೇ ಹೇಳ್ತಾರಲ್ಲ, ಹೆಂಗಂತ ಕೇಳ್ರಿ!"

"ಹೆಂಗಂತ ಕೇಳಾಕತ್ತಾಳ" ಎಂದು ಅತ್ತೆ ಅತ್ತ ತಿರುಗಿದರು. ಪಾಪ, ಅವರ ಕತ್ತು ನೋಯತೊಡಗಿತ್ತು. ಹಾಲೇಶ ಕಾರಿನ ಕೀಲಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಹಾಕುತ್ತ ಇಬ್ಬರ ನಡುವೆ ನಿಂತಿದ್ದರು.

ಆಗ ಮಾವ ಎದ್ದರು. ಮದುವೆಯಾದ ಮೂರು ವರ್ಷದಲ್ಲಿ ಮೊದಲ ಬಾರಿಗೆ ಗೋಡೆ ಬಿಟ್ಟು ನನ್ನ ಕಡೆ ತಿರುಗಿದರು. "ಯವ್ವಾ, ಇಷ್ಟು ದಿನ ನಿನ್ನ ಏನೂ ಕೇಳಿಲ್ಲ ನಾನು. ಇವತ್ತೊಂದು ಕೇಳ್ತೀನಿ. ನಡಿ. ಹಂಪಿನ ಜವಾಬ್ದಾರಿ ನಂದು."

ನೋಟ್‌ಬುಕ್ಕನ್ನು ಬ್ಯಾಗಿಗೆ ತುರುಕಿದೆ. ಎದ್ದೆ.

ಹಂಪಿನ ಜವಾಬ್ದಾರಿ ಎಂದರೆ ಏನೆಂಬುದು ಮೊದಲ ಹಂಪಿನಲ್ಲೇ ಗೊತ್ತಾಯಿತು. ಮಾವ ಕಾರಿನಿಂದ ಇಳಿದರು. ಕುರಿ ಕಾಯುವ ಕೋಲನ್ನು ರಸ್ತೆಗೆ ಅಡ್ಡ ಹಿಡಿದು ಹಿಂದಿನ, ಮುಂದಿನ ಗಾಡಿಗಳನ್ನೆಲ್ಲ ನಿಲ್ಲಿಸಿದರು. ನಮ್ಮ ಓಮ್ನಿ ಮುದುಕಿಯೊಬ್ಬಳು ಹೊಸ್ತಿಲು ದಾಟಿದಂತೆ ಹಂಪು ದಾಟಿತು. ಮಾವ ಹತ್ತಿದರು. ಎರಡನೇ ಹಂಪು, ಮತ್ತೆ ಇಳಿದರು. ಮೊಣಕಾಲು ನೋವಿನ ಮನುಷ್ಯ ಹೀಗೆ ಮೂವತ್ತೊಂದು ಸಲ ಇಳಿದು, ಮೂವತ್ತೊಂದು ಸಲ ಹತ್ತಿದರು. ಹತ್ತಿಯ ಮೂಟೆ ಹೇರಿಕೊಂಡು ನಿಂತ ಲಾರಿಯ ಡ್ರೈವರೊಬ್ಬ ತಲೆ ಹೊರಹಾಕಿ ಕೇಳಿದ: "ಏನ್ ಕಾಕಾ, ಕೋಲು ಹಿಡಿದು ನಿಂತೀಯಲ್ಲ, ಕುರಿ ಎಲ್ಲವ?"

"ಒಂದ ಮರಿ. ಕಾರಿನಾಗ ಅದ. ಸುಮ್ನ ನಿಂದ್ರು."

ನಲವತ್ತೈದು ಕಿಲೋಮೀಟರಿಗೆ ಎರಡು ಗಂಟೆ ನಲವತ್ತು ನಿಮಿಷ ಹಿಡಿಯಿತು. ಹೊಟ್ಟೆಯ ಮೇಲಿಟ್ಟುಕೊಂಡಿದ್ದ ನೀರಿನ ಬಾಟಲಿಯ ನೀರೂ ತುಳುಕಲಿಲ್ಲ. ಡಾಕ್ಟರು ಸ್ಕ್ಯಾನ್ ಮಾಡಿದರು.

ತಲೆ ಮೇಲಿತ್ತು.

ನನ್ನ ಹಂಪು ಸಿದ್ಧಾಂತ ಆ ಪರದೆಯ ಮೇಲೇ ಸತ್ತಿತು. "ಅಡ್ಮಿಟ್ ಆಗ್ರಿ" ಎಂದರು ಡಾಕ್ಟರು. "ಇದು ಇನ್ನೂ ತಿರುಗೋ ಮಗು. ಗುರುವಾರತನ ನೋಡೋಣು. ತಲಿ ಕೆಳಗ ಬಂದ್ರ ಸರಿ, ಇಲ್ಲಾಂದ್ರ ಗುರುವಾರ ಹನ್ನೊಂದಕ್ಕ ಆಪರೇಷನ್."

ಗುರುವಾರ ಬೆಳಿಗ್ಗೆ ಆರೂವರೆಗೆ ಅಭ್ಯಾಸ ಬಲದಿಂದ ಹೊಟ್ಟೆ ಮುಟ್ಟಿ ನೋಡಿದೆ. ದೊಡ್ಡ ಗಡ್ಡೆ ಪಕ್ಕೆಲುಬಿಗೇ ಒತ್ತಿತ್ತು. ಮುಗಿಯಿತು ಎಂದುಕೊಂಡೆ. ಆಪರೇಷನ್ನಿನ ಭಯಕ್ಕಿಂತ ಒಂದು ತರಹದ ಸೋಲು ನನ್ನನ್ನು ಅಳಿಸುತ್ತಿತ್ತು. ಎಂಟು ಗಂಟೆಗೆ ಮಾವ ಗಂಜಿ ಡಬ್ಬಿ ಹಿಡಿದು ವಾರ್ಡಿನ ಬಾಗಿಲಿಗೆ ಬಂದರು. ನಾಚಿಕೆ ಬಿಟ್ಟು ನಾನೇ ನೇರ ಕೇಳಿದೆ: "ಮಾವಾ, ಇವತ್ತು ಹೆಂಗದ ಹೇಳ್ರಿ."

ಮಾವ ಗೋಡೆಯತ್ತ ತಿರುಗಿದರು. ಸುಣ್ಣ ಬಳಿದ ಬರೀ ಗೋಡೆ. ಇನ್ನೊಂದು ಗೋಡೆಯತ್ತ ತಿರುಗಿದರು. ಅಲ್ಲಿ ಕೈ ತೊಳೆಯುವ ವಿಧಾನದ ಚಿತ್ರಗಳಿದ್ದವು. ಅವರ ಮುಖದಲ್ಲಿ ಗಾಬರಿ ಕಂಡೆ.

"ಮೊದಲ... ಮೊದಲ ನೀ ಏನಂತಿ ಹೇಳವ್ವಾ."

"ತಲಿ ಮ್ಯಾಲ ಅದ."

ಮಾವನ ಮುಖ ಅರಳಿತು. "ಗಂಜಿ ಕುಡಿ. ತಲಿ ಕೆಳಗ ಬಂದದ."

ಹತ್ತಕ್ಕೆ ಡಾಕ್ಟರು ಪರೀಕ್ಷೆ ಮಾಡಿ, "ಅರೆ, ತಲಿ ಕೆಳಗ ಬಂದದ, ಗಟ್ಟಿ ಕೂತದ!" ಎಂದರು. ಹನ್ನೊಂದಕ್ಕೆ ನೋವು ಶುರುವಾಯಿತು. ಆಪರೇಷನ್ ರದ್ದಾಯಿತು. ಸಂಜೆ ಐದು ಇಪ್ಪತ್ತಕ್ಕೆ ಮಗಳು ಹುಟ್ಟಿದಳು, ಎರಡು ಕಿಲೋ ಒಂಬೈನೂರು ಗ್ರಾಂ. ತಲೆಯ ಕಡೆಯಿಂದಲೇ.

ಮರುದಿನ ಡಾಕ್ಟರು ನನ್ನ ನೋಟ್‌ಬುಕ್ ಕೇಳಿ ಪಡೆದು ತಿರುವಿ ಹಾಕಿದರು. ನೋಡುತ್ತ ನೋಡುತ್ತ ಅವರ ಭುಜ ಕುಲುಕತೊಡಗಿತು. "ದೊಡ್ಡ ಗಡ್ಡಿ ತಲಿ ಅಂತ ಯಾರು ಹೇಳಿದ್ರು ನಿಮಗ?"

"ಪುಸ್ತಕದಾಗ ಅದ್ರಿ, ತಲಿನೇ ದೊಡ್ಡದು ಅಂತ."

"ಹುಟ್ಟಿದ ಮ್ಯಾಲ ನೋಡಿದ್ರ ಹೌದು. ಒಳಗ ಕೂಸು ಕಾಲು ಮಡಚ್ಕೊಂಡು ಕುಂತಿರ್ತದ. ಕುಂಡಿ, ತೊಡಿ, ಕಾಲು ಎಲ್ಲಾ ಕೂಡಿ ಅದೇ ದೊಡ್ಡ ಗಡ್ಡಿ ಆಗ್ತದ. ನೀವು ಒಂದು ತಿಂಗಳು ಅದರ ಕುಂಡಿಗಿ ಬಾಣ ಹಾಕೀರಿ ಮೇಡಂ."

ನಾನು ತೊಟ್ಟಿಲು ನೋಡಿದೆ. ಮಗಳು ಅತ್ತ ತಿರುಗಿ ಮಲಗಿದ್ದಳು.

ಸೋತ ಮೇಲೆ ಕಲಿಯುವುದೊಂದೇ ಉಳಿದದ್ದು. ಮಧ್ಯಾಹ್ನ ಮಾವ ಮೊಮ್ಮಗಳನ್ನು ನೋಡಲು ಬಂದಾಗ ನೋಟ್‌ಬುಕ್ಕಿನ ಹೊಸ ಹಾಳೆ ತೆರೆದು, ಪೆನ್ನು ಹಿಡಿದು ಕೂತೆ. "ಮಾವಾ, ನಿಮ್ಮ ವಿದ್ಯಾ ನನಗ ಹೇಳಿಕೊಡ್ರಿ. ಕುರಿ ನೋಡಿ ನೋಡಿ ಹೆಂಗ ಕಲಿತ್ರಿ, ಎಲ್ಲಾ ಬರದಿಡ್ತೀನಿ."

ಮಾವ ಕೋಲಿನಿಂದ ನೆಲ ಕೆರೆದರು.

"ಕುರಿ ವಿದ್ಯಾ ಎಲ್ಲಿ ಬಂತವ್ವಾ? ಕುರಿಗಾದ್ರ ಕೈಯಿಟ್ಟು ನೋಡ್ತೀವಿ. ನೋಡಲಾರದ ಹೆಂಗ ತಿಳೀತದ? ಮೊದಲನೇ ಸಲ ನೀ ಮ್ಯಾಲ ಬಾಣ ಹಾಕಿ ಅಳಾಕತ್ತಿದ್ದಿ. ಅಳಬಾರದಂತ ಕೆಳಗ ಅದ ಅಂದೆ. ಖರೇ ಆತು. ಎರಡನೇ ಸಲ ನೀ ಕೆಳಗ ಹಾಕಿದಿ. ಹೋದ ಸಲ ಉಲ್ಟಾ ಇತ್ತು, ಇದೂ ಉಲ್ಟಾ ಇರಬಹುದಂತ ಮ್ಯಾಲ ಅಂದೆ. ಅದೂ ಖರೇ ಆತು. ಆಮ್ಯಾಲ ನನಗ ಚಿಂತಿನೇ ಇರಲಿಲ್ಲ. ಕ್ಯಾಲೆಂಡರ್ ನೋಡೋದು, ಉಲ್ಟಾ ಹೇಳೋದು."

"ಗೋಡಿ ಕಡಿ ಮುಖ ಮಾಡ್ತಿದ್ದದ್ದು..."

"ಮತ್ತ ಕ್ಯಾಲೆಂಡರ್ ಅಲ್ಲೇ ಇತ್ತಲ್ಲವ್ವಾ." ಮಾವ ನನ್ನ ಮುಖ ನೋಡಿ ಮರುಗಿದರು. "ಬ್ಯಾಸರ ಮಾಡ್ಕೋಬ್ಯಾಡ. ಭಾಳ ಗಟ್ಟಿ ಲೆಕ್ಕ ನಿಂದು. ಒಂದ ಸಲನೂ ಸರಿ ಬರಲಿಲ್ಲ ನೋಡು! ಆ ಧೈರ್ಯದ ಮ್ಯಾಲ ನಿನ್ನ ರಾಯಚೂರಿಗಿ ತಂದೆ."

ಇದಕ್ಕೆ ವಿಜ್ಞಾನದಲ್ಲಿ ಒಂದು ನಿಯಮವಿದೆ. ನಾನೇ ಒಂಬತ್ತನೇ ತರಗತಿಗೆ ಪಾಠ ಮಾಡುತ್ತೇನೆ: ಪ್ರತಿ ಸಲವೂ ಒಂದೇ ಬಗೆಯಲ್ಲಿ ತಪ್ಪು ತೋರಿಸುವ ತಕ್ಕಡಿಯನ್ನು ಎಸೆಯಬೇಡಿರಿ ಮಕ್ಕಳೇ, ತಪ್ಪು ಎಷ್ಟೆಂದು ತಿಳಿದರೆ ಅದು ಒಳ್ಳೆಯ ತಕ್ಕಡಿಯೇ. ಮಕ್ಕಳು ಬರೆದುಕೊಳ್ಳುತ್ತಾರೆ. ಆ ತಕ್ಕಡಿಗೆ ಏನನಿಸುತ್ತದೆ ಎಂದು ಇದುವರೆಗೆ ಯಾರೂ ಕೇಳಿರಲಿಲ್ಲ.

ಮಗಳಿಗೆ ಈಗ ನಾಲ್ಕು ತಿಂಗಳು. (ನಿಖರವಾಗಿ ಹದಿನೇಳು ವಾರ ಎರಡು ದಿನ.) ಆಗಲೇ ಹೇಳಿದೆನಲ್ಲ, ಮನೆಯಲ್ಲಿ ನನ್ನ ಮಾತಿಗೆ ಭಾರಿ ಬೆಲೆ ಎಂದು. ಅಂಗಡಿಗೆ ಕೆಟ್ಟ ಮೋಟಾರು ಬಂದರೆ ಹಾಲೇಶ ಫೋನ್ ಮಾಡಿ, "ಕಾಯಿಲೋ, ಬೇರಿಂಗೋ?" ಎಂದು ಕೇಳುತ್ತಾರೆ. ನಾನು ಕಾಯಿಲ್ ಎಂದರೆ, "ಥ್ಯಾಂಕ್ಸ್ ಶೈಲಾ" ಎಂದು ಬೇರಿಂಗ್ ಬಿಚ್ಚುತ್ತಾರೆ. ಮೊನ್ನೆ ಸಂಜೆ ಅಕಾಲದಲ್ಲಿ ಮೋಡ ಕವಿಯಿತು. ಒಣಗಿಸಬೇಕಾದ ನಾಲ್ಕು ಚೀಲ ಮೆಣಸಿನಕಾಯಿ ಪಡಸಾಲೆಯಲ್ಲಿತ್ತು. ಮಾವ ಬಂದು ಬಹಳ ಮರ್ಯಾದೆಯಿಂದ ಕೇಳಿದರು: "ನಾಳಿ ಮಳಿ ಬರ್ತದೇನವ್ವಾ?"

ನಾನು ಅಂಗಳಕ್ಕಿಳಿದು ಗಾಳಿಯ ದಿಕ್ಕು ನೋಡಿದೆ. ಮೋಡದ ಬಣ್ಣ ನೋಡಿದೆ. ಫೋನಿನಲ್ಲಿ ಹವಾಮಾನ ನೋಡಿದೆ. ಹತ್ತು ನಿಮಿಷ ಯೋಚಿಸಿದೆ.

"ಖಂಡಿತ ಬರ್ತದ ಮಾವಾ."

ಬೆಳಗಾಗುವಷ್ಟರಲ್ಲಿ ನಾಲ್ಕೂ ಚೀಲದ ಮೆಣಸಿನಕಾಯಿ ಅಂಗಳದ ತುಂಬ ಹರಡಿತ್ತು. ಅತ್ತೆ ಅದರ ನಡುವೆ ಕೂತು, ತೊಟ್ಟು ಮುರಿದದ್ದನ್ನು ಆರಿಸುತ್ತಿದ್ದರು. ಆಕಾಶದಲ್ಲಿ ಒಂದು ಚೂರು ಮೋಡವೂ ಇರಲಿಲ್ಲ.