ಆಮೆ ಏಳುವ ಹೊತ್ತು

ಬೆಳಿಗ್ಗೆ ಒಡೆದ ಆಟದ ಕಾರ್ಡುಗಳ ಪೊಟ್ಟಣದಲ್ಲಿ ಬಂಗಾರದಂಚಿನ ಆಮೆ ಸಿಕ್ಕಿದ್ದೇ ಲೆಕ್ಕಾಚಾರಿಯ ಕಷ್ಟಕ್ಕೆ ಮೂಲ.

ಕೃತಕ ಹಲ್ಲು ತಯಾರಿಸುವ ಆ ಕಾರ್ಯಾಗಾರದಲ್ಲಿ ಅವನದು ಮೇಣದಲ್ಲಿ ಹಲ್ಲು ಕೆತ್ತುವ ಕೆಲಸ. ಪಕ್ಕದ ಮೇಜಿನಲ್ಲಿ ಅಕ್ಕನ ಗಂಡ. ಇಬ್ಬರಲ್ಲಿ ಒಬ್ಬರು ತಿಂಗಳಿಡೀ ಪ್ಲಾಸ್ಟರ್ ಕೋಣೆಯಲ್ಲಿ ಅಚ್ಚು ಉಜ್ಜಬೇಕು. ಯಾರೆಂಬುದನ್ನು ಊಟದ ವಿರಾಮದ ಕಾರ್ಡ್ ಆಟ ನಿರ್ಧರಿಸುತ್ತಿತ್ತು. ಆ ಧೂಳು ಸೋಕಿದರೆ ಲೆಕ್ಕಾಚಾರಿಯ ಸೀನು ಹಳೆಯ ಸ್ಕೂಟರಿನಂತೆ. ಒಮ್ಮೆ ಶುರುವಾದರೆ ನಿಲ್ಲಿಸುವ ಉಪಾಯವೇ ಇರಲಿಲ್ಲ. ಇಂದು ಆಟದ ದಿನ.

“ಸಾವಿರಕ್ಕೊಂದು ಸಿಗೋ ಕಾರ್ಡು ಕಣೋ. ಇಳಿಸು, ನಿನ್ನ ಭಾವನ ಕತೆ ಮುಗೀತು,” ಎಂದಳು ಪಾಲಿಶ್ ಮಾಡುವ ಹೆಂಗಸು.

“ಆಡ್ಬೇಡಪ್ಪಾ, ಗೀಚು ಬೀಳತ್ತೆ. ನಮ್ಮ ಓನರ್ ಮೇಡಂ ನೋಡು, ಅಂಥವನ್ನ ಆಲ್ಬಮ್ಮಲ್ಲಿಟ್ಟು ಪೂಜೆ ಮಾಡ್ತಾರೆ,” ಎಂದ ಡ್ರೈವರ್.

“ಅವರಿಗೆ ಆಟವೇ ಬರಲ್ಲ,” ಎಂದ ಲೆಕ್ಕಾಚಾರಿ. “ಅಪರೂಪಕ್ಕೆ ಸಿಗೋದು ಬೇರೆ, ಆಟಕ್ಕೆ ಒದಗೋದು ಬೇರೆ.”

ಆಮೆಯ ಬಲಕ್ಕೆ ಸಾಟಿಯಿರಲಿಲ್ಲ. ಆದರೆ ಕೆಳಗೆ ಇರುವೆಗಾತ್ರದ ಅಕ್ಷರಗಳಲ್ಲಿ ಷರತ್ತಿತ್ತು: ಮೇಜಿಗಿಳಿದ ಮೇಲೆ ಎರಡು ಸರದಿ ನಿದ್ರೆ, ಮೂರನೆಯದರಲ್ಲಿ ಎಚ್ಚರ. ಮೇಜಿನ ಕೆಳಗೆ ಕಾರ್ಡು ಕಲೆಸಿ ಅವನು ಮತ್ತೆ ಮತ್ತೆ ಪರೀಕ್ಷಿಸಿದ. ರೈಲು ಹೊರಟ ಮೇಲೆ ಟಿಕೆಟ್ಟಿಗೆ ನಿಲ್ಲುವ ಪ್ರಯಾಣಿಕನಂತೆ ಆಮೆ ಪ್ರತಿ ಬಾರಿಯೂ ಆಟ ಮುಗಿದ ಮೇಲೆಯೇ ಕಣ್ಣು ಬಿಡುತ್ತಿತ್ತು. ಈ ಸಂಶೋಧನೆಯ ನಡುವೆ ಯಾರದೋ ಕೋರೆಹಲ್ಲಿನ ಜಾಗದಲ್ಲಿ ದವಡೆಹಲ್ಲು ಮೂಡಿತು. ಅದನ್ನು ಕರಗಿಸುವಾಗ ಬೆರಳು ಸುಟ್ಟಿತು.

“ಭಾವ, ಇದನ್ನ ತಗೊಂಡು ನಿಮ್ಮ ಎರಡು ಗುಬ್ಬಿ ಕಾರ್ಡು ಕೊಡ್ತೀರಾ?”

ಭಾವ ಅವನ ಹಣೆ ಮುಟ್ಟಿ ನೋಡಿದರು. “ಜ್ವರ ಇಲ್ಲ. ಸರಿ, ಕೊಡು. ಆಮೇಲೆ ನಿಮ್ಮಕ್ಕನ ಹತ್ರ ದೂರು ಒಯ್ಯೋ ಹಾಗಿಲ್ಲ.”

ಊಟದ ವೇಳೆ ಭಾವ ಆಮೆಯನ್ನು ಗತ್ತಿನಿಂದ ಇಳಿಸಿದರು. ಆಮೆ ಮಲಗಿತು. ಬಲ ಕಡಿಮೆಯಾದರೂ ನಿದ್ರೆಯ ಷರತ್ತಿಲ್ಲದ ಗುಬ್ಬಿಗಳು ಎಡೆಬಿಡದೆ ಕುಕ್ಕಿದವು. ಅದು ಮಗ್ಗುಲು ಬದಲಿಸುವ ಮೊದಲೇ ಲೆಕ್ಕಾಚಾರಿ ಗೆದ್ದಿದ್ದ. ಎದೆಯ ಮೇಲಿನ ಕಲ್ಲು ಇಳಿದಂತಾಗಿ ಅವನು ಮೂಗಿನ ತುಂಬಾ ಗಾಳಿ ಎಳೆದುಕೊಂಡ. ಇಷ್ಟು ಶುಭ್ರವಾದ ಗಾಳಿ ಜಗತ್ತಿನಲ್ಲಿದೆಯೆಂದು ಅವನಿಗೆ ಗೊತ್ತೇ ಇರಲಿಲ್ಲ. ಮಧ್ಯಾಹ್ನವೆಲ್ಲ ಅವನು ಕೆತ್ತಿದ ಹಲ್ಲುಗಳು ಕೂಡ ನಗುವಂತಿದ್ದವು.

ಸಂಜೆ ಮೇಡಂ ಬಂದರು. ಭಾವನ ಜೇಬಿನಿಂದ ಇಣುಕುತ್ತಿದ್ದ ಬಂಗಾರದಂಚು ಕಂಡು ನಿಂತರು.

“ಇದೊಂದೇ ನನ್ನ ಹತ್ರ ಇಲ್ದೇ ಇರೋದು. ಏನ್ ಬೇಕು ಕೇಳಿ.”

“ಪ್ಲಾಸ್ಟರ್ ರೂಮು ತಪ್ಪಿಸಿದ್ರೆ ಸಾಕು ಮೇಡಂ.”

“ತಪ್ತು ಅಂದ್ಕೊಳಿ. ಆದ್ರೆ ಯಾರಾದ್ರೂ ಒಬ್ರು ಹೋಗ್ಬೇಕಲ್ಲ?”

ಉಳಿದಿದ್ದವನು ಒಬ್ಬನೇ.

“ನಿನ್ನ ಉಪಕಾರ ಮರೆಯಲ್ಲ ಕಣೋ,” ಎಂದು ಭಾವ ತಮ್ಮ ಮುಖಗವಸನ್ನು ಕೊಟ್ಟರು.

ಪ್ಲಾಸ್ಟರ್ ಕೋಣೆಯ ಬಾಗಿಲಲ್ಲಿ ನಿಂತು ಲೆಕ್ಕಾಚಾರಿ ಲೆಕ್ಕ ಹಾಕಿದ. ತಾನು ಕೊಟ್ಟದ್ದು ಮೊದಲ ಸರದಿ, ಭಾವ ಸೋತದ್ದು ಎರಡನೆಯದು, ಮೇಡಂ ಕಂಡದ್ದು ಮೂರನೆಯದು. ಆಮೆ ಷರತ್ತಿನ ಪ್ರಕಾರವೇ ಎದ್ದಿತ್ತು.

ಲೆಕ್ಕ ಸರಿಹೋದ ಸಮಾಧಾನದಲ್ಲಿ ಅವನು ಉಸಿರೆಳೆದುಕೊಂಡ. ಸ್ಕೂಟರ್ ಶುರುವಾಯಿತು.