ಕೈ ತೊಳೆದು ಕೂತ್ಕೊಳ್ಳಿ

ಮಗು ಹುಟ್ಟಿ ಹನ್ನೆರಡು ದಿನವಾದರೂ ಸ್ವರೂಪ ಅದನ್ನು ಒಮ್ಮೆಯೂ ಎತ್ತಿಕೊಂಡಿರಲಿಲ್ಲ. ನೆಗಡಿ ಹಿಡಿದು ಮದ್ದೂರಿನಲ್ಲೇ ಉಳಿದಿದ್ದವನು ಭಾನುವಾರ ಬೆಳಿಗ್ಗೆ ಹೆಂಡತಿ ದೀಪಿಕಳ ತವರು ಹಲಗೂರಿಗೆ ಬಂದ. ಸಂಜೆ ಐದರ ಬಸ್ಸಿಗೆ ಹಿಂತಿರುಗಬೇಕು. ಅಷ್ಟರೊಳಗೆ ಒಂದು ಸಲ ಮಗುವನ್ನು ಎದೆಗೆ ಒರಗಿಸಿಕೊಳ್ಳಬೇಕು, ಇಷ್ಟೇ ಅವನ ಆಸೆ.

ಬಂದಾಗ ಮಗು ಎಣ್ಣೆನೀರು ಹಾಕಿಸಿಕೊಂಡು ಮಲಗಿತ್ತು. ಏಳುವುದನ್ನೇ ಕಾಯುತ್ತ ಕೂತಿದ್ದಾಗ ಪಕ್ಕದ ಮನೆಯ ಮುದ್ದಯ್ಯ ಕೊಟ್ಟಿಗೆಯಿಂದ ನೇರವಾಗಿ ಬಂದು, ಸಗಣಿ ಮೆತ್ತಿದ ಬೆರಳಲ್ಲೇ ಮಗುವಿನ ಕೆನ್ನೆ ಹಿಂಡಲು ಹೋದ. ಸ್ವರೂಪ ಗೋಲ್‌ಕೀಪರನಂತೆ ಅಡ್ಡ ಬಿದ್ದ.

ಮರುಕ್ಷಣ ಜಗಲಿಗೆ ಬಕೆಟ್ಟು, ಚೊಂಬು, ಸೋಪು ಬಂದವು. "ಯಾರೇ ಬರಲಿ, ಮೊದಲು ಕೈ ತೊಳೆದು ಒಳಗೆ ಕೂತ್ಕೊಳ್ಳಿ" ಎಂದು ಸ್ವರೂಪ ಆಜ್ಞೆ ಮಾಡಿದ.

ಮುದ್ದಯ್ಯ ಮೊಣಕೈವರೆಗೆ ತೊಳೆದು, ನಡುಮನೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತ. ಆಮೇಲೆ ಮೆಲ್ಲಗೆ ಫೋನ್ ತೆಗೆದ. "ಲೇ ಮರಿಯಯ್ಯ, ಬಿರ್ರನೆ ಬಾರ್ಲಾ. ಮಂಗಳಕ್ಕನ್ ಅಳೀಮಯ್ಯ ಕೈ ತೊಳ್ಸಿ ಕೂರಿಸ್ತಾವ್ರೆ. ಇನ್ನೇನು ಎಲೆ ಆಕ್ತಾರೆ ಕಣ್ಲಾ!"

ಹನ್ನೆರಡು ಗಂಟೆಗೆ ನಲವತ್ತು ಜನ ಸಾಲಾಗಿ ಕೂತಿದ್ದರು. ಯಾರೂ ಮಾತಾಡಲಿಲ್ಲ. ಆ ಮೌನವನ್ನು ಸ್ವರೂಪ ಶುಚಿತ್ವಕ್ಕೆ ಸಿಕ್ಕ ಗೌರವವೆಂದು ತಿಳಿದು ಒಳಗೊಳಗೇ ಉಬ್ಬಿದ. ಮರಿಯಯ್ಯನೇ ಮೌನ ಮುರಿದ.

"ಅಳೀಮಯ್ಯ, ತೊಳ್ದಿದ್ ಕೈ ಒಣ್ಗೋಯ್ತು. ಬಾಡು ಇನ್ನೂ ಬೇಯ್ನಿಲ್ವಾ?"

ಅಡುಗೆಮನೆಯಿಂದ ಇಣುಕಿದ ಅತ್ತೆ ಮಂಗಳಮ್ಮ ಸಾಲಿನ ಉದ್ದ ನೋಡಿದರು. ಅಳಿಯನನ್ನು ಒಳಗೆ ಕರೆದು ಹಲ್ಲು ಕಚ್ಚಿದರು. "ಕೈ ತೊಳ್ಸಿ ಬರೀ ಒಟ್ಟೇಲಿ ಕಳ್ಸುದ್ರೆ ನಾನು ಈ ಊರಲ್ಲಿ ತಲೆ ಎತ್ಕಂಡು ತಿರ್ಗಂಗಿದ್ದದಾ? ಮಾಂಸ ತರಕೆ ಈಗ ಒತ್ತಿಲ್ಲ, ಸೊಪ್ಪಿನ್ ಸಾರೇ ಆಗ್ಲಿ. ಬನ್ನಿ, ಮುದ್ದೆ ಕಟ್ಟಿ!"

ಸ್ವರೂಪ ಕಟ್ಟಿದ ಮೊದಲ ಮುದ್ದೆ, ಬಸ್ಸಿನಲ್ಲಿ ತೂಕಡಿಸುವ ಮುದುಕನಂತೆ ಎಲೆಯ ಮೇಲೆ ಒಂದು ಕಡೆಗೆ ವಾಲಿತು.

"ಇದು ಮುದ್ದೆಯಲ್ಲ ಕಣಪ್ಪ, ಅಂಬ್ಲಿ" ಎಂದ ಮುದ್ದಯ್ಯ.

"ಇಕ್ಕಿ ಇಕ್ಕಿ, ಕುಡ್ಕತೀವಿ" ಎಂದ ಮರಿಯಯ್ಯ.

ಕಟ್ಟಿ, ಬಡಿಸಿ, ಎಲೆ ಎತ್ತಿ ಮುಗಿಸುವಷ್ಟರಲ್ಲಿ ನಾಲ್ಕೂ ಮುಕ್ಕಾಲು. ಸ್ವರೂಪ ಕೈಕಾಲು ತೊಳೆದು, ಅಂಗಿ ಬದಲಿಸಿ ಕೋಣೆಗೆ ಓಡಿದ. ತೊಟ್ಟಿಲು ಖಾಲಿ!

"ಈ ಗದ್ಲದಲ್ಲಿ ಮಗೀನ ಮಡಗಕಾದದಾ?" ಎಂದರು ಮಂಗಳಮ್ಮ. "ದೀಪಿಕ ಇತ್ಲು ಬಾಗ್ಲಿಂದ ಮುದ್ದಯ್ಯನ ಮನೆಗೆ ಎತ್ಕಂಡೋದ್ಲು. ಎಲ್ಲಾ ಇಲ್ಲೇ ಉಣ್ತಿದ್ರಲ್ಲ, ಅಲ್ಲಿ ಒಂದ್ ನರಪಿಳ್ಳೇನೂ ಇರ್ನಿಲ್ಲ."

ಸ್ವರೂಪ ಪಕ್ಕದ ಮನೆಗೆ ಹಾರಿದ. ಬಾಗಿಲಲ್ಲೇ ದೀಪಿಕ ತುಟಿಯ ಮೇಲೆ ಬೆರಳಿಟ್ಟಳು. ಒಳಗೆ, ಉಂಡು ಮನೆಗೆ ಮರಳಿದ್ದ ಮುದ್ದಯ್ಯ ಗೋಡೆಗೆ ಒರಗಿ ಕೂತಿದ್ದ. ಮಗು ಅವನ ಎದೆಯ ಮೇಲೆ ಬಾಯಿ ತೆರೆದು ನಿದ್ದೆ ಹೋಗಿತ್ತು.

"ಅತ್ತೂ ಅತ್ತೂ ಈಗ ಮಲ್ಗೈತೆ ರೀ, ಅಲ್ಲಾಡಿಸ್ಬೇಡಿ" ಎಂದಳು ದೀಪಿಕ. "ಗಾಬ್ರಿ ಆಗ್ಬೇಡಿ. ಮೂರ್ ಸಲ ಸೋಪಾಕಿ ತೊಳ್ಕಂಡ್ರು, ನಾನೇ ನಿಂತ್ ನೋಡಿದೀನಿ."

ದೂರದಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಸ್ವರೂಪ ಚಾಚಿದ ಕೈಗಳನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡ.

ಮುದ್ದಯ್ಯ ಕಣ್ಣು ಅರ್ಧ ತೆರೆದು ಪಿಸುಗುಟ್ಟಿದ: "ಬರೋ ಭಾನ್ವಾರ ಬತ್ತೀರಲ್ಲ ಅಳೀಮಯ್ಯ, ಬಾಡೇ ಮಾಡ್ಸುಬುಡಿ."