ಮೇಲಿನ ಮೂರಡಿಯ ಫಲಾನುಭವಿಗಳು

ವರ್ತೂರಿನ ಕಡೆಯ ಕೆರೆಯೊಂದರಲ್ಲಿ ಮೇಲಿನ ಮೂರಡಿ ನೀರು ಜಲಜೀವಿ ಕಲ್ಯಾಣ ಕಚೇರಿಗೂ, ಅದರ ಕೆಳಗಿನದೆಲ್ಲ ಹೂಳು ನಿರ್ವಹಣಾ ಕಚೇರಿಗೂ ಸೇರತಕ್ಕದ್ದೆಂದು ಆದೇಶವಾಗಿದೆ. ನೀರಿನಲ್ಲಿ ತೇಲುವ, ಸಾಸಿವೆಗಿಂತ ಸಣ್ಣ ಪ್ರಾಣಿಪ್ಲವಕಗಳಿಗೆ ಆದೇಶದ ಪ್ರತಿ ತಲುಪಿತೇ ಎಂದು ಯಾರೂ ವಿಚಾರಿಸಲಿಲ್ಲ.

ಕಲ್ಯಾಣ ಕಚೇರಿಯಲ್ಲಿ ಒಂಬತ್ತು ವರ್ಷದಿಂದ ಗುತ್ತಿಗೆ ಮೇಲಿದ್ದ ದೀಪಶ್ರೀಗೆ ಅವುಗಳನ್ನು ಎಣಿಸುವುದೇ ಕೆಲಸ. ಈ ಸಲ ಲೀಟರಿಗೆ ನೂರು ತೋರಿಸಿದರೆ ಖಾಯಂ ಮಾಡುವುದಾಗಿ ಅಧಿಕಾರಿ ಅಮರೇಶ್ ಮಾತು ಕೊಟ್ಟಿದ್ದರು. ನೂರಹತ್ತು ಸಿಕ್ಕವು. ಅವಳ ಗ್ರಹಚಾರ, ಷರಾ ಕಾಲಂನಲ್ಲಿ ‘ಎಲ್ಲವೂ ಬಡಕಲು’ ಎಂದು ಇದ್ದದ್ದನ್ನು ಇದ್ದ ಹಾಗೆ ಬರೆದುಬಿಟ್ಟಳು.

“ನಮ್ಮ ಲಿಮಿಟಲ್ಲಿ ಅಪೌಷ್ಟಿಕತೆನಾ? ಮಾನ ಹೋಗುತ್ತೆ ಕಣ್ರೀ!” ಎಂದ ಅಮರೇಶ್ ಅಂದೇ ‘ಪ್ಲವಕ ಪುಷ್ಟಿ ಯೋಜನೆ’ ಪ್ರಕಟಿಸಿದರು. ನಿಯಮ ನಾಲ್ಕು: ಪ್ರತಿ ಫಲಾನುಭವಿಯೂ ತಿಂದ ನಂತರ ಸ್ಥಳ ಬಿಟ್ಟು ಕದಲತಕ್ಕದ್ದಲ್ಲ. ಹದಿನೈದು ದಿನ ದೀಪಶ್ರೀ ತೆಪ್ಪದಲ್ಲಿ ಕೂತು ಯೀಸ್ಟ್ ಕದಡಿದ ನೀರು ಸುರಿದಳು.

ಹದಿನಾರನೇ ದಿನ ಲೀಟರಿಗೆ ಒಂಬತ್ತೇ ಸಿಕ್ಕವು. ಮತ್ತೆ ಎಣಿಸಿದರೂ ಒಂಬತ್ತೇ.

ಸ್ವಂತದ ನಾಲ್ಕು ಬಾಡಿಗೆ ಮನೆ ಎದ್ದರೂ ತೆಪ್ಪ ನಡೆಸುವುದನ್ನು ಬಿಡದ ಅಂಬಿಗ ಆವಲಪ್ಪನಿಗೆ ಮಾತ್ರ ಆಶ್ಚರ್ಯವಾಗಲಿಲ್ಲ. “ಮ್ಯಾಲೆ ಬಂದ್ರೆ ಮೀನು ಇಡೀತದೆ. ಅಸ್ದಿರೋವು ಜೀವದಾಸೆ ಬಿಟ್ಟು ಪಾಚಿ ತಿನ್ನಾಕೆ ಬತ್ತವೆ. ಒಟ್ಟೆ ತುಂಬಿದ್ದು ಯಾಕವ್ವಾ ಬತ್ತದೆ?”

ಅವಳು ಮುಚ್ಚಳಕ್ಕೆ ದಾರ ಕಟ್ಟಿದ ಸೀಸೆಯನ್ನು ಎಂಟಡಿ ಇಳಿಸಿ ತೆರೆದಳು. ಎಲ್ಲವೂ ಅಲ್ಲಿದ್ದವು, ದುಂಡುದುಂಡಗೆ. ‘ಮೈ ತುಂಬಿದವು ಆಳಕ್ಕೆ ಸರಿಯುತ್ತವೆ, ಹಸಿದವು ಮೇಲೆ ಬರುತ್ತವೆ’ ಎಂದು ವರದಿ ಕೊಟ್ಟಳು.

ಫಲಾನುಭವಿಗಳನ್ನು ಕೂಡಲೇ ಹಿಂದಿರುಗಿಸುವಂತೆ ಅಮರೇಶ್ ಹೂಳು ಕಚೇರಿಗೆ ಪತ್ರ ಬರೆದರು. ‘ಸದರಿಯವರು ಸ್ವಇಚ್ಛೆಯಿಂದ ಹಾಜರಾಗಿದ್ದು, ಬಿಡುಗಡೆಗೊಳಿಸಲು ಅವಕಾಶವಿರುವುದಿಲ್ಲ’ ಎಂದು ಉತ್ತರ ಬಂತು. ಯೀಸ್ಟ್ ನಿಂತಿತು. ತಿಂಗಳೊಳಗೆ ಲೀಟರಿಗೆ ನೂರಮೂವತ್ತು ಬಡಕಲು ಪ್ಲವಕಗಳು ಮೇಲೆ ಬಂದವು, ಎಣಿಕೆಯ ನಮೂನೆಯಿಂದ ಷರಾ ಕಾಲಂ ಕಾಣೆಯಾಯಿತು, ಕಚೇರಿಗೆ ಪ್ರಶಸ್ತಿ ಪತ್ರವೂ ಬಂತು.

“ಸಾರ್, ನನ್ನ ಖಾಯಂ ಫೈಲು…” ಎಂದು ದೀಪಶ್ರೀ ನಿಂತಳು.

ಅಮರೇಶ್ ಅವಳದೇ ವರದಿಯನ್ನು ಮುಂದೆ ಸರಿಸಿದರು. “ನೀವೇ ಬರ್ದಿದ್ದೀರಲ್ಲ ಮೇಡಂ. ಹೊಟ್ಟೆ ತುಂಬಿದ್ರೆ ಕೈಗೇ ಸಿಗಲ್ಲ. ಖಾಯಂ ಆದ್ಮೇಲೆ ನೀವು ತೆಪ್ಪ ಹತ್ತೀರಾ?”

ಅವಳಿಗೆ ಅಳು ಬಂತು, ಸಿಟ್ಟೂ ಬಂತು. ಆದರೆ ವರದಿಯನ್ನು ಎರಡು ಸಲ ಓದಿದರೂ ತಪ್ಪು ಸಿಗಲಿಲ್ಲ. ‘ವೈಜ್ಞಾನಿಕ ಕಾರಣಗಳಿಗಾಗಿ ಗುತ್ತಿಗೆ ಮುಂದುವರಿಕೆ’ ಎಂಬ ಆದೇಶಕ್ಕೆ ಸಹಿ ಹಾಕಿದಳು.

ಉಳಿದ ಹನ್ನೊಂದು ಗುತ್ತಿಗೆ ನೌಕರರಿಗೂ ಅದೇ ಆದೇಶ ಅನ್ವಯಿಸಿತು. ಎಲ್ಲರೂ ಓದಿ, ನಿಜವೇ ಎಂದು ತಲೆದೂಗಿ, ಊಟಕ್ಕೆ ಮೊದಲೇ ಸಹಿ ಹಾಕಿದರು. ಉಂಡ ಮೇಲೆ ಬರುತ್ತಾರೋ ಇಲ್ಲವೋ ಎಂದು ಅಮರೇಶ್ ಅವಸರ ಮಾಡಿದ್ದರು.